ನಾಲ್ಕನೇ ಜ್ವರ

ಚಿಕ್ಕಬಳ್ಳಾಪುರದ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ನಾನು ಸಾಮಾನ್ಯ ಜ್ಞಾನ ಮಾರುತ್ತೇನೆ. ಕೆಳಗಿನ ಬನ್ನು ಸಂಜೆಯೊಳಗೆ ಖಾಲಿಯಾಗುತ್ತದೆ. ನನ್ನ ಸರಕು ಮಾತ್ರ ಇಪ್ಪತ್ತು ವರ್ಷದಿಂದ ತಲೆಯಲ್ಲೇ ಕೊಳೆಯುತ್ತಿದೆ. ಹೆಸರು ಮುನೇಶ್, ವಯಸ್ಸು ನಲವತ್ತಮೂರು. ಸರ್ಕಾರಿ ಕೆಲಸದ ಪರೀಕ್ಷೆಗಳನ್ನು ಒಂಬತ್ತು ಸಲ ಬರೆದೆ, ಒಂಬತ್ತು ಸಲವೂ ದಡದ ಹತ್ತಿರ ಹೋಗಿ ಮುಳುಗಿದೆ. ವಯೋಮಿತಿ ದಾಟಿದ ಮೇಲೆ ಬೇರೆಯವರಿಗೆ ಈಜು ಕಲಿಸಲು ಕೂತೆ. ನನ್ನ ಗ್ರಹಚಾರ ನೋಡಿ, ನನ್ನ ಹತ್ತಿರ ಕಲಿತವರೆಲ್ಲ ಪಾಸಾಗುತ್ತಾರೆ! ಒಬ್ಬ ಈಗ ಸಬ್‌ಇನ್‌ಸ್ಪೆಕ್ಟರ್. ಹೋದ ವರ್ಷ ಶಿಡ್ಲಘಟ್ಟ ರಸ್ತೆಯಲ್ಲಿ ನನ್ನ ಗಾಡಿಗೆ ಕೈ ಅಡ್ಡ ಹಿಡಿದು, "ಅಯ್ಯೋ ಸಾರ್, ನೀವಾ! ಹೆಲ್ಮೆಟ್ ಎಲ್ಲಿ ಸಾರ್?" ಅಂದ. ಹೆಲ್ಮೆಟ್ ಕಡ್ಡಾಯ ಮಾಡುವ ಕಲಂ ನೂರಾ ಇಪ್ಪತ್ತೊಂಬತ್ತು ಎಂದು ಆ ಮಹಾರಾಯನಿಗೆ ಬಾಯಿಪಾಠ ಮಾಡಿಸಿದವನು ನಾನೇ.

ನಮ್ಮೂರು ಚಿಂತಾಮಣಿ ಕಡೆ, ಅಂಬಾಜಿದುರ್ಗದ ತಪ್ಪಲಿನ ಹಳ್ಳಿ. ಅಲ್ಲಿ ಅಮ್ಮ ಒಬ್ಬಳೇ ರೇಷ್ಮೆ ಹುಳ ಸಾಕುತ್ತಾಳೆ. ಹೆಸರು ವೆಂಕಟರತ್ನಮ್ಮ. ನಾನು ಚಿಕ್ಕಬಳ್ಳಾಪುರದಲ್ಲಿ ಬಾಡಿಗೆ ಕೋಣೆಯಲ್ಲಿದ್ದುಕೊಂಡು ವಾರಕ್ಕೊಮ್ಮೆ ಊರಿಗೆ ಹೋಗುತ್ತಿದ್ದೆ. ಮಾತೃಪ್ರೇಮದಿಂದ ಎಂದು ಹೇಳಿಕೊಳ್ಳಬಹುದಿತ್ತು. ನಿಜ ಹೇಳಬೇಕೆಂದರೆ ಬಟ್ಟೆ ಒಗೆಸಿಕೊಳ್ಳಲು ಹೋಗುತ್ತಿದ್ದೆ. ಹುಳದ ಮನೆಯೊಳಕ್ಕೆ ಕಾಲಿಟ್ಟು ಹತ್ತು ವರ್ಷವೇ ಆಗಿತ್ತೇನೋ. ಅದರ ವಾಸನೆಗೆ ನನಗೆ ತಲೆ ನೋಯುತ್ತದೆ ಎಂದು ನಾನೇ ಒಂದು ಕಾಯಿಲೆ ಸೃಷ್ಟಿಸಿಕೊಂಡಿದ್ದೆ.

"ಕೆಲಸ ಸಿಕ್ಕಿದ ಮೇಲೆ ಮದುವೆ" ಎಂದು ಇಪ್ಪತ್ತಮೂರನೇ ವಯಸ್ಸಿನಲ್ಲಿ ಗತ್ತಿನಿಂದ ಹೇಳಿದ್ದೆ. ಕೆಲಸ ಸಿಗಲಿಲ್ಲ. ಮದುವೆಯೂ ಕಾದೂ ಕಾದೂ ತನ್ನ ಪಾಡಿಗೆ ಹೊರಟುಹೋಯಿತು. ಈಗ ಎರಡು ತಿಂಗಳ ಹಿಂದೆ ಅಮ್ಮನ ಅಣ್ಣ, ನಮ್ಮ ಮುನಿಶಾಮಪ್ಪ ಮಾವ, ಗೌರಿಬಿದನೂರಿನಿಂದ ಒಂದು ಸಂಬಂಧ ತಂದ. ಹುಡುಗಿ ಸಂಘಮಿತ್ರ, ಮೂವತ್ತೆಂಟು ವರ್ಷ, ಆಸ್ಪತ್ರೆಯಲ್ಲಿ ನರ್ಸು. ತಂಗಿಯರಿಬ್ಬರ ಮದುವೆ ಮಾಡುವಷ್ಟರಲ್ಲಿ ತನ್ನದು ತಡವಾಗಿತ್ತು. ಇದು ತಪ್ಪಿದರೆ ನನ್ನ ಪಾಲಿಗೆ ಇನ್ನೊಂದಿಲ್ಲ ಎಂದು ಮಾವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗೌರಿಬಿದನೂರಿನ ಬಸ್ಸಿನಲ್ಲಿ ಕೂತಾಗಲೇ ಮಾವ ಎಚ್ಚರಿಸಿದ:

"ಬಾಯಿ ಮುಚ್ಕೊಂಡ್ ಕೂತ್ಕೊ ಕಣೋ. ಕೇಳಿದ್ದಕ್ಕೆ ಮಾತ್ರ ಉತ್ರ ಕೊಡು. ತಪ್ಪಿದ್ರೆ ಮಾರ್ಕ್ಸ್ ಕಟ್ ಆಯ್ತದೆ ಅನ್ಕೊ."

ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಸಂಘಮಿತ್ರ ಕೇಸರಿಬಾತಿನ ತಟ್ಟೆ ತಂದಿಟ್ಟಳಲ್ಲ, ನಾಲಿಗೆ ಕೇಳಬೇಕೇ! ಪ್ರಪಂಚದಲ್ಲಿ ಅತಿ ಹೆಚ್ಚು ಕೇಸರಿ ಬೆಳೆಯುವುದು ಇರಾನ್ ಎಂದೆ. ಅಲ್ಲಿಗೆ ನಿಲ್ಲಿಸಬಾರದೇ? ಈ ತಟ್ಟೆಯಲ್ಲಿರುವುದು ಕೇಸರಿಯಲ್ಲ, ಬರೀ ಬಣ್ಣ ಎಂದೂ ಸೇರಿಸಿದೆ. ಮಾವ ಮೇಜಿನಡಿ ನನ್ನ ಕಾಲು ತುಳಿದ. ನನ್ನ ಗಾಬರಿಯ ಸ್ವಭಾವ ಹೇಗೆಂದರೆ, ಒಂದು ತಪ್ಪು ಮುಚ್ಚಲು ಇನ್ನೂ ನಾಲ್ಕು ಸಂಗತಿ ಹೇಳುತ್ತೇನೆ. ಆಕ್ಟೋಪಸ್‌ಗೆ ಮೂರು ಹೃದಯ ಎಂದೆ. ಉಷ್ಟ್ರಪಕ್ಷಿಯ ಕಣ್ಣು ಅದರ ಮೆದುಳಿಗಿಂತ ದೊಡ್ಡದು ಎಂದೆ. ಷಟ್ಪದಿಯಲ್ಲಿ ಆರು ಬಗೆ ಎಂದು ಶರ, ಕುಸುಮ, ಭೋಗ ಎಂದು ಎಣಿಸುತ್ತಾ ಹೋಗಿ, "ಭಾಮಿನಿ" ಎನ್ನುವಾಗ ಅವಳ ಮುಖ ನೋಡಿ ನಾಚಿಕೊಂಡೆ. ಕೊನೆಗೆ, "ನಿಮ್ಮೂರಲ್ಲಿ ಹರಿಯೋದು ಉತ್ತರ ಪಿನಾಕಿನಿ" ಎಂದು ಅವಳ ಊರಿನ ನದಿಯನ್ನು ಅವಳಿಗೇ ಪರಿಚಯ ಮಾಡಿಸಿದೆ.

"ಹರಿಯಲ್ಲ. ಹೊಳೆ ಇದೆ ಅಷ್ಟೆ" ಅಂದಳು.

ಮಾವ ಚಪ್ಪಲಿ ಹುಡುಕತೊಡಗಿದ. ಆದರೆ ಅವಳು ಬೇಡ ಎನ್ನಲಿಲ್ಲ. "ನಿಮ್ಮಮ್ಮ ಯಾಕೆ ಬಂದಿಲ್ಲ?" ಎಂದು ಕೇಳಿದಳು. ಏನೋ ಕೆಲಸವಿತ್ತು ಎಂದೆ. ಅಮ್ಮ ಹುಳ ಸಾಕುತ್ತಾಳೆ, ಬಿಟ್ಟು ಬರುವ ಹಾಗಿಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಂದಿನ ರಾಮಾಯಣ ಯಾವುದೂ ನಡೆಯುತ್ತಿರಲಿಲ್ಲ. ಇರಾನಿನವರ ಬೆಳೆ ಹೇಳಿದವನಿಗೆ ನಮ್ಮ ಮನೆಯ ಬೆಳೆ ಹೇಳಲು ಬಾಯಿ ಬರಲಿಲ್ಲ.

"ಅವರನ್ನ ನೋಡ್ದೆ ನಾನು ಏನೂ ಹೇಳಲ್ಲ. ಮುಂದಿನ್ ಭಾನುವಾರ ಕರ್ಕೊಂಡ್ ಬನ್ನಿ" ಅಂದಳು ಸಂಘಮಿತ್ರ. ನನ್ನ ಬದುಕಿನಲ್ಲಿ ನಾನು ಮೊದಲ ಸುತ್ತು ದಾಟಿದ್ದು ಅದೇ ಮೊದಲು.

ಶನಿವಾರ ಊರಿಗೆ ಫೋನು ಮಾಡಿದರೆ ಅಮ್ಮ, "ನಾಳೆ ಎಲ್ಲಿಗೂ ಬರಕ್ಕಾಗಲ್ಲಪ್ಪ, ನಾಲ್ಕನೇ ಜ್ವರ" ಅಂದಳು. ನಮ್ಮ ಕಡೆ ಹುಳ ಸಾಕುವವರ ಮಾತಿದು. ರೇಷ್ಮೆ ಹುಳ ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಹಳೇ ಪೊರೆ ಬಿಡುತ್ತದೆ. ಆಗ ಸೊಪ್ಪು ತಿನ್ನದೆ, ತಲೆ ಎತ್ತಿಕೊಂಡು ಒಂದೂವರೆ ದಿನ ಅಲುಗಾಡದೆ ಇರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಹುಳ ಜ್ವರಕ್ಕೆ ಕೂತಾಗ ಅಮ್ಮ ಮನೆ ಬಿಟ್ಟು ಕದಲುವವಳಲ್ಲ. ಯಾವ ಹೊತ್ತಿಗೆ ಏಳುತ್ತವೋ, ಎದ್ದ ತಕ್ಷಣ ಸೊಪ್ಪು ಕೊಡಬೇಕು.

ಭಾನುವಾರ ಬೆಳಿಗ್ಗೆ ಕ್ಲಾಸಿಗೆ ಹೋಗುವ ಆತುರದಲ್ಲಿ ಸಂಘಮಿತ್ರಳಿಗೆ ಮೆಸೇಜು ಹಾಕಿದೆ. "ಅಮ್ಮ ಬರಕ್ಕಾಗ್ತಿಲ್ಲ. ನಾಲ್ಕನೇ ಜ್ವರ. ಎದ್ದರೆ ಮುಂದೆ ನೋಡಣ." ಹಾಕಿ, ಫೋನು ಆಫ್ ಮಾಡಿದೆ. ಕ್ಲಾಸಿನಲ್ಲಿ ಫೋನು ಆನ್ ಇರಬಾರದು ಎನ್ನುವುದು ನಾನೇ ಮಾಡಿದ ಕಾನೂನು. ಗೌರಿಬಿದನೂರು ಪೇಟೆಯಲ್ಲಿ ಹುಟ್ಟಿ ಬೆಳೆದ ನರ್ಸಮ್ಮನಿಗೆ ಜ್ವರ ಎಂದರೆ ಜ್ವರವೇ ಎನ್ನುವುದು ನನ್ನ ಈ ದೊಡ್ಡ ತಲೆಗೆ ಹೊಳೆಯಲೇ ಇಲ್ಲ. ಅವಳು ಬಿ.ಪಿ. ನೋಡುವ ಯಂತ್ರ, ಥರ್ಮಾಮೀಟರು, ಮಾತ್ರೆ, ಎರಡು ಎಳನೀರು ಚೀಲಕ್ಕೆ ಹಾಕಿಕೊಂಡು, ಮಾವನಿಂದ ಊರಿನ ದಾರಿ ಕೇಳಿಕೊಂಡು ಬಸ್ಸು ಹತ್ತಿದಳು. ಆ ಬಸ್ಸು ಚಿಕ್ಕಬಳ್ಳಾಪುರಕ್ಕೆ ಬಂದ ಹೊತ್ತಿಗೆ ನಾನು ಮಹಡಿಯ ಮೇಲೆ, ಚೀನಾದ ರಾಣಿಯ ಬಿಸಿ ಚಹಾಕ್ಕೆ ರೇಷ್ಮೆಗೂಡು ಬಿದ್ದ ಕಥೆಯನ್ನು ಕೈಕಾಲು ಆಡಿಸಿಕೊಂಡು ಹೇಳುತ್ತಿದ್ದೆ.

ಮುಂದಿನದು ನಾನು ಕಣ್ಣಾರೆ ಕಂಡದ್ದಲ್ಲ. ಪಕ್ಕದ ಮನೆ ಕದಿರಮ್ಮ ಊರಿಗೆಲ್ಲ ಹೇಳಿದ್ದನ್ನು ಹೇಳುತ್ತಿದ್ದೇನೆ. ಸಂಘಮಿತ್ರ ಬಿಸಿಲಲ್ಲಿ ಬಂದು, ಹೊರಗೆ ನಿಂತಿದ್ದ ಕದಿರಮ್ಮನನ್ನು, "ವೆಂಕಟರತ್ನಮ್ಮೋರ ಮನೆ ಇದೇನಾ? ಜ್ವರ ಹೆಂಗಿದೆ?" ಎಂದು ಕೇಳಿದಳಂತೆ.

"ನಿನ್ನೆ ಮಧ್ಯಾಹ್ನ ಕೂತಿದ್ದು, ಇನ್ನೂ ಎದ್ದಿಲ್ಲಮ್ಮ."

"ಹೊಟ್ಟೆಗೆ ಏನಾದ್ರೂ ಕೊಟ್ರಾ?"

"ಜ್ವರದಲ್ಲಿ ಯಾರಾದ್ರೂ ಕೊಡ್ತಾರಾ? ಮೈಮೇಲೆ ಸುಣ್ಣ ಉದುರ್ಸಾಯ್ತು."

"ಸುಣ್ಣಾನಾ!" ಎಂದು ಕಿರುಚಿದಳಂತೆ. "ಯಾವ ಕಾಲದಲ್ಲಿದೀರ್ರೀ ನೀವೆಲ್ಲ? ನಾಲ್ಕನೇ ಸಲ ಬಂದ್ರೂ ಆಸ್ಪತ್ರೆಗೆ ತೋರ್ಸಿಲ್ವಾ?"

"ಆಸ್ಪತ್ರೆಗ್ಯಾಕಮ್ಮಾಯಿ? ಇನ್ನೇನು, ಒಂದೆಂಟು ದಿನ. ಆಮೇಲೆ ಮೇಲಕ್ಕೆ ಏರ್ಸಿಬಿಡೋದೇ" ಎಂದಳಂತೆ ಕದಿರಮ್ಮ. ಸುಣ್ಣ ಹುಳದ ತೇವ ಆರಲು. ಏರಿಸುವುದೆಂದರೆ, ಬೆಳೆದು ಹಣ್ಣಾದ ಹುಳವನ್ನು ಗೂಡು ಕಟ್ಟಲು ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಯ ಮೇಲೆ ಬಿಡುವ ಮಾತು, ಪಾಪ. ಸಂಘಮಿತ್ರ ಚೀಲ ಹಿಡಿದು ನುಗ್ಗಿ ಹುಳದ ಮನೆಯ ಬಾಗಿಲು ದಡಾರನೆ ತಳ್ಳಿದಳು. ಒಳಗಿನಿಂದ ಅಮ್ಮನ ಧ್ವನಿ ಬಂತು:

"ಯಾವಳೇ ಅದು, ಕಾಲು ತೊಳ್ಕೊಳ್ದೆ ಬಂದಿದ್ದು? ಜ್ವರದಲ್ಲಿರೋವಾಗ ಹಿಂಗಾ ಬಾಗ್ಲು ತಳ್ಳದು?"

ಅತ್ತೆ ಸೊಸೆಯಾಗಬೇಕಾದವರ ಮೊದಲ ಮಾತುಕತೆ ಅದು.

ಮಧ್ಯಾಹ್ನ ಕ್ಲಾಸು ಮುಗಿಸಿ ಫೋನು ಆನ್ ಮಾಡಿದರೆ ಹತ್ತೊಂಬತ್ತು ಮಿಸ್ಡ್ ಕಾಲ್. ಮಾವನಿಗೆ ಮಾಡಿದೆ. "ಎಲ್ಲಿ ಸತ್ತಿದ್ಯೋ? ನಿಮ್ಮಮ್ಮಂಗೆ ಜ್ವರ ಅಂತೆ, ಆ ಹುಡ್ಗಿ ಓಡೋದ್ಲು!" ಎಂದು ಉಗಿದ. ಆಗ ಅರ್ಥವಾಯಿತು. ಮದುವೆ ಮುರಿದೇಹೋಯಿತು ಎಂದುಕೊಂಡು ಗಾಡಿ ಹತ್ತಿ, ಶಿಡ್ಲಘಟ್ಟ, ಚಿಂತಾಮಣಿ ದಾಟಿ ಊರು ಸೇರಿದೆ. ದಾರಿಯುದ್ದಕ್ಕೂ ಕ್ಷಮಾಪಣೆಯ ಭಾಷಣ ತಯಾರಿಸಿದ್ದೆ. ಹಾಳು ಬುದ್ಧಿ, ಅದರಲ್ಲೂ ಮಾನವನ ದೇಹದ ಉಷ್ಣಾಂಶ ಎಷ್ಟೆಂದು ಸೇರಿಸಿದ್ದೆ.

ಜಗಲಿಯ ಮೇಲೆ ಇಬ್ಬರೂ ಎಳನೀರು ಕುಡಿಯುತ್ತಾ ಕೂತಿದ್ದರು. ನಾನು ಬಾಯಿ ತೆರೆಯುವುದರೊಳಗೆ ಸಂಘಮಿತ್ರ ಎದ್ದು ನಿಂತಳು.

"ಜ್ವರದ ವಿಷ್ಯ ಬಿಡಿ, ಅಮ್ಮ ಹೇಳಿದ್ರು, ನಕ್ಕಿದ್ದೂ ಆಯ್ತು. ನಿಮ್ಗೊಂದ್ ಪ್ರಶ್ನೆ. ಇವರಿಗೆ ಬಲಗಣ್ಣು ಕಾಣಿಸ್ತಿಲ್ಲ. ಎಷ್ಟು ದಿನದಿಂದ?"

ನಾನು ಅಮ್ಮನ ಮುಖ ನೋಡಿದೆ. ಬಲಗಣ್ಣಿನ ಪಾಪೆಯ ಮೇಲೆ ಬೂದುಬಣ್ಣ ಕವಿದಿತ್ತು. ವಾರವಾರ ಬಂದು ಎದುರಿಗೇ ಕೂತು ಮುದ್ದೆ ನುಂಗಿ ಹೋಗುತ್ತಿದ್ದೆನಲ್ಲ!

"ಎಡಗಣ್ಣೂ ಮಂಜೇ. ಪೊರೆ ಬಂದಿದೆ, ಬಲಿತ್ಬಿಟ್ಟಿದೆ. ಹುಳ ಎದ್ದಿದೆಯೋ ಇಲ್ವೋ ಅಂತ ಕೈಲಿ ಮುಟ್ಟಿ ನೋಡ್ತಾವ್ರೆ, ರೀ. ಒಲೆ ಮುಂದೆ ಸೆರಗು ಸುಟ್ಕೊಂಡಿದಾರೆ, ಅದಾದ್ರೂ ಗೊತ್ತಾ?"

ಹುಳ ಎಷ್ಟು ಸಲ ಪೊರೆ ಬಿಡುತ್ತದೆ ಎಂದು ಮಹಡಿಯ ಮೇಲೆ ಅವತ್ತೇ ಬೆಳಿಗ್ಗೆ ಅರವತ್ತು ಜನಕ್ಕೆ ಬರೆಸಿ ಬಂದಿದ್ದೆ. ಅಮ್ಮನೇ ನನ್ನ ಪರವಾಗಿ ಮಾತಾಡಿದಳು:

"ಬೈಬೇಡಮ್ಮ ಅವನ್ನ. ಅವನಿಗೆಂಗೆ ಗೊತ್ತಾಯ್ತದೆ? ಓದ್ಕೊಳ್ಳೋ ಹುಡ್ಗ. ಪರೀಕ್ಷೆ ಮುಗೀಲಿ, ಹೇಳಣ ಅಂತ ನಾನೇ ಸುಮ್ನಿದ್ದೆ."

ನನ್ನ ಕೊನೆಯ ಪರೀಕ್ಷೆ ಮುಗಿದು ಐದು ವರ್ಷವಾಗಿತ್ತು. ಅದನ್ನೂ ನಾನು ಅಮ್ಮನಿಗೆ ಹೇಳಿರಲಿಲ್ಲ. ಆ ಹೊತ್ತಿನಲ್ಲಿ ನನಗಾದ ನಾಚಿಕೆಯನ್ನು ತಮಾಷೆ ಮಾಡಲು ಈಗಲೂ ನನ್ನ ಕೈಲಾಗುವುದಿಲ್ಲ.

"ಮದ್ವೆ ಮಾತು ಆಮೇಲೆ" ಅಂದಳು ಸಂಘಮಿತ್ರ. "ಬುಧವಾರ ಅಮ್ಮನ್ನ ನಾನ್ ಕರ್ಕೊಂಡ್ ಹೋಗ್ತೀನಿ. ಆಪರೇಷನ್ ಮಾಡ್ಸಿ, ನಮ್ಮನೇಲೇ ಇಟ್ಕೋತೀನಿ. ಹುಳ ಬಿಟ್ಟು ಬರಲ್ಲ ಅಂತಿದಾರೆ. ಹುಳಾನ ಯಾರ್ ನೋಡ್ಕೋತಾರೆ?"

"ನಾನು" ಎಂದೆ. ಪಕ್ಕದ ಜಗಲಿಯಿಂದ ಕೇಳಿಸಿಕೊಳ್ಳುತ್ತಿದ್ದ ಕದಿರಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು.

ನಗಬೇಕಾದದ್ದೇ. ನಾಲ್ಕನೇ ಜ್ವರದಿಂದ ಎದ್ದ ಹುಳದ ಹಸಿವು ಏನೆಂದು ಯಾವ ಗೈಡಿನಲ್ಲೂ ಬರೆದಿಲ್ಲ. ಹೊತ್ತಾರೆ ಎದ್ದು ತೋಟಕ್ಕೆ ಹೋಗಿ ಸೊಪ್ಪು ಕೊಯ್ದು, ಹೊತ್ತು ತಂದು ಹಾಕಿ, ಬೆನ್ನು ನೇರ ಮಾಡುವುದರೊಳಗೆ ಬರೀ ಕಡ್ಡಿ ಉಳಿದಿರುತ್ತಿತ್ತು. ಕ್ಲಾಸಿಗೆ ರಜೆ ಕೊಟ್ಟೆ, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಮೊದಲ ದಿನ ಚೀನಾದ ರಾಣಿಯ ಕಥೆ ಹೇಳುತ್ತಾ ಒದ್ದೆ ಸೊಪ್ಪು ತಂದು ಕದಿರಮ್ಮನ ಕೈಲಿ ಬೈಸಿಕೊಂಡೆ. "ಅದೇನೋ ಚೀನಾ ರಾಣಿ ಅಂತಿದ್ಯಲ್ಲ, ಅವಳ್ನೇ ಕರ್ಸಪ್ಪ ಸೊಪ್ಪು ಒರ್ಸಕ್ಕೆ" ಅಂದಳು. ಒಂದು ಗೂಡಿನ ನೂಲು ಸಾವಿರ ಮೀಟರಿನವರೆಗೂ ಬರುತ್ತದೆ ಎಂದು ನಾನು ಬಲ್ಲೆ. ಅಷ್ಟು ನೂಲಿಗೆ ಅಮ್ಮ ಎಷ್ಟು ಸಲ ಬಗ್ಗಿ ಏಳಬೇಕು ಎನ್ನುವುದು ನನ್ನ ಸೊಂಟಕ್ಕೆ ಆ ವಾರ ತಿಳಿಯಿತು. ಸಂಜೆಹೊತ್ತು ಸಂಘಮಿತ್ರ ಫೋನು ಮಾಡುತ್ತಿದ್ದಳು. ಅಮ್ಮನ ಕಣ್ಣಿನ ಸುದ್ದಿ ಹೇಳಿ, ಹುಳದ ಸುದ್ದಿ ಕೇಳಿ ಇಟ್ಟುಬಿಡುತ್ತಿದ್ದಳು. ಒಪ್ಪಿದೆಯಾ ಎಂದು ಕೇಳಲು ಧೈರ್ಯ ಬರಲಿಲ್ಲ. ಕೇಳಿ ಬೇಡ ಅನ್ನಿಸಿಕೊಳ್ಳುವುದಕ್ಕಿಂತ ಸುಮ್ಮನಿರುವುದೇ ಲೇಸು ಎಂದು, ಬದುಕಿನಲ್ಲಿ ಮೊದಲ ಸಲ, ಸುಮ್ಮನಿದ್ದೆ.

ಹುಳ ಹಣ್ಣಾಗಿ ಚಂದ್ರಿಕೆ ಏರಿ ಗೂಡು ಕಟ್ಟಿದವು. ಗೂಡು ಬಿಡಿಸುವ ದಿನ ಬೆಳಿಗ್ಗೆ ಸಂಘಮಿತ್ರ ಅಮ್ಮನ ಕೈ ಹಿಡಿದುಕೊಂಡು ಬಂದಳು. ಅಮ್ಮ ಕಪ್ಪು ಕನ್ನಡಕ ತೆಗೆದು ಚಂದ್ರಿಕೆಗಳನ್ನು ನೋಡುತ್ತಾ ನಿಂತಳು. "ಅಯ್ಯೋ ದೇವುಡಾ, ಇಷ್ಟು ಬೆಳ್ಳಗಿರ್ತವಾ!" ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಏನೋ ಇದು, ತಲೆ ತುಂಬ ನೂಲು ಅಂಟಿಸ್ಕೊಂಡಿದೀಯ? ಬಾ ಇಲ್ಲಿ."

ಹತ್ತಿರ ಹೋದೆ. ಅಮ್ಮ ಕಿವಿಯ ಮೇಲಿನ ಒಂದು ಎಳೆ ಹಿಡಿದು ಎಳೆದಳು. ಬರಲಿಲ್ಲ. ಇನ್ನಷ್ಟು ಜೋರಾಗಿ ಎಳೆದಳು. "ಅಮ್ಮಾ, ನೋಯ್ತದೆ!" ಎಂದೆ. ಅಮ್ಮನ ಕೈ ಅಲ್ಲೇ ನಿಂತಿತು. ಹಣೆ, ಕೆನ್ನೆ, ಗಡ್ಡದ ಬಿಳಿ, ಒಂದೊಂದನ್ನೇ ಬೆರಳಿನಿಂದ ಮುಟ್ಟಿ ನೋಡಿದಳು. ಅವಳ ಕಣ್ಣಲ್ಲಿ ನೀರು ತುಂಬಿತು.

"ಕಣ್ಣು ಒರ್ಸ್ಕೋಬೇಡಿ ಅಮ್ಮ, ಡಾಕ್ಟ್ರು ಬೈತಾರೆ" ಎಂದು ಸಂಘಮಿತ್ರ ಅವಳ ಕೈ ಹಿಡಿದುಕೊಂಡಳು.

"ಅಮ್ಮಾಯಿ, ಇವನಿಗೆ ಇಷ್ಟು ವಯಸ್ಸಾಗೋಗಿದೆ" ಅಂದಳು ಅಮ್ಮ. "ನಾನು ಹುಡ್ಗ ಹುಡ್ಗ ಅಂತ ಹೇಳಿ ನಿನ್ಗೆ ಮೋಸ ಮಾಡ್ಬಿಟ್ಟೆ. ಈಗ್ಲೂ ಬೇಡ ಅನ್ನು, ನಾನೇನೂ ಅಂದ್ಕೊಳ್ಳಲ್ಲ. ನೀನು ಸರ್ಯಾಗಿ ನೋಡಿದ್ಯೇನೇ ಇವನನ್ನ?"

ಸಂಘಮಿತ್ರ ನನ್ನನ್ನು ಅಡಿಯಿಂದ ಮುಡಿಯವರೆಗೆ ಇನ್ನೊಮ್ಮೆ ನೋಡಿದಳು.

"ನೋಡ್ದೆ ಅತ್ತೆ" ಅಂದಳು.

ಅಲ್ಲಿಯವರೆಗೂ ಅವಳು ಅಮ್ಮನನ್ನು ಅಮ್ಮ ಎಂದೇ ಕರೆಯುತ್ತಿದ್ದಳು. ಅಮ್ಮ ನನ್ನ ಮುಖ ನೋಡಿದಳು, ನಾನು ನೆಲ ನೋಡಿದೆ. ಆಮೇಲೆ ಮೂವರೂ ಕೂತು ಗೂಡು ಬಿಡಿಸಿದೆವು.