ಪರದೆಯ ಸಾವಿಗೆ ಅತ್ತ ದೊಡ್ಡಮ್ಮ

ದೊಡ್ಡಮ್ಮನ ಅಂಗೈಗಳು ಸದಾ ಎಣ್ಣೆ ಸವರಿದಂತೆ ಮಿನುಗುತ್ತಿದ್ದವು. ವರ್ಷಾನುಗಟ್ಟಲೆ ಕುರಿಯ ಉಣ್ಣೆ ಹಿಂಜಿ ಹಿಂಜಿ ಅದರ ಜಿಡ್ಡು ಚರ್ಮದೊಳಗೇ ಇಳಿದಿತ್ತು. ಎಪ್ಪತ್ತು ದಾಟಿದ ಹೆಂಗಸಿನ ಕೈ ಮುಟ್ಟಿದರೆ ಎಳೆಮಗುವಿನ ಕೆನ್ನೆಯಷ್ಟು ಮೃದು. ಅದೇ ಕೈಯಿಂದ ಪ್ರೀತಿಗೆಂದು ಬೆನ್ನಿಗೊಂದು ಗುದ್ದು ಕೊಟ್ಟರೆ ಮಾತ್ರ ಸಂಜೆಯವರೆಗೂ ನೋಯುತ್ತಿತ್ತು.

ಅವಳು ನಮಗೆ ಸಂಬಂಧಿಯಲ್ಲ. ಮದಕರಿಪುರದಲ್ಲಿ ನಮ್ಮ ಗೋಡೆಗೆ ಗೋಡೆ ಅಂಟಿಕೊಂಡಿದ್ದ ಮನೆಯವಳು, ಕುರಿ ಸಾಕುವ ಮನೆತನದವಳು. ಸುತ್ತಲಿನ ಹಳ್ಳಿಗಳಲ್ಲಿ ಯಾರಾದರೂ ತೀರಿಕೊಂಡರೆ ಅವಳಿಗೆ ಕರೆ ಬರುತ್ತಿತ್ತು. ಹೆಣದ ಮುಂದೆ ಕುಳಿತು ಹಾಡಿಕೊಂಡು ಅಳುವುದರಲ್ಲಿ ಅವಳಂಥವರು ಆ ಕಡೆ ಇನ್ನೊಬ್ಬರಿರಲಿಲ್ಲ. ಅಳುವ ಮುಂಚೆ ಮನೆಯವರನ್ನು ಹತ್ತಿರ ಕರೆದು ಮೆಲ್ಲಗೆ ಕೇಳುವಳು: “ಏನು ಇಷ್ಟಪಟ್ಟು ಉಣ್ತಿದ್ದ? ಯಾರ ಮ್ಯಾಲೆ ಜಾಸ್ತಿ ಜೀವ ಇಟ್ಕಂಡಿದ್ದ?” ಆಮೇಲೆ ದನಿ ಎತ್ತಿದರೆ ಸತ್ತವನು ಎದ್ದು ಅಂಗಳದಲ್ಲಿ ಓಡಾಡಿದಂತಾಗುತ್ತಿತ್ತು. ಬದುಕಿದ್ದಾಗ ಅವನೊಡನೆ ಮಾತು ಬಿಟ್ಟವರೂ ಕಣ್ಣೊರೆಸಿಕೊಳ್ಳುತ್ತಿದ್ದರು.

ನಾವು ಕೆಲವು ಗೆಳೆಯರು ಸೇರಿ ಸಿನಿಮಾ ಮಾಡಲು ಹೊರಟ ವರ್ಷವದು. ನಿರ್ದೇಶಕ ಹಿರಿಯೂರಿನವನು. ಕ್ಯಾಮೆರಾ ಬಾಡಿಗೆಯದು. ಲ್ಯಾಪ್‌ಟಾಪಿನಲ್ಲಿ ಸಂಕಲನ ಮಾಡುವ ಕೆಲಸ ನನ್ನದು. ಕಥೆ ಇಷ್ಟೇ: ಐವರು ಕಾಲೇಜು ಹುಡುಗ ಹುಡುಗಿಯರು ಕಾಡಿಗೆ ಬರುತ್ತಾರೆ, ಮುಖ ಮುಚ್ಚಿಕೊಂಡವನೊಬ್ಬ ಮಚ್ಚು ಹಿಡಿದು ಒಬ್ಬೊಬ್ಬರನ್ನೇ ಕೊಲ್ಲುತ್ತಾನೆ, ಕೊನೆಗೆ ಒಬ್ಬಳು ಉಳಿಯುತ್ತಾಳೆ. ಕಾಡು, ಕಿರುಚಾಟ, ಕೆಂಪು ನೀರು ಇದ್ದರೆ ಇಂಥ ಚಿತ್ರ ತಾನಾಗಿಯೇ ಓಡುತ್ತದೆ ಎಂದು ನಂಬಿದ್ದೆವು. ಊರ ಹಿಂದಿನ ಕುರುಚಲು ಕಾಡಿನಲ್ಲಿ ಚಿತ್ರೀಕರಣ, ದೊಡ್ಡಮ್ಮನ ಪಡಸಾಲೆಯಲ್ಲಿ ಊಟ.

ಕೊಲೆಗಾರನಿಗೆ ಕರಿ ಕಂಬಳಿ ಹೊದಿಸಬೇಕೆಂದು ನಿರ್ದೇಶಕನ ಆಸೆ. ದೊಡ್ಡಮ್ಮ ಒಪ್ಪಲಿಲ್ಲ.

“ಕಂಬಳಿ ಹಾಸಿ ದ್ಯಾವ್ರನ್ನ ಕುಂಡ್ರುಸ್ತೀವಿ, ಮದುವೆ ಮಾಡ್ತೀವಿ. ಅದನ್ನ ಹೊದ್ದಾನ ಕೈಯಾಗೆ ಮಚ್ಚು ಕೊಡಬ್ಯಾಡ್ರಪ್ಪ.”

“ಹಂಗಾದ್ರೆ ಏನು ಹೊದಿಸಾಣ, ದೊಡ್ಡಮ್ಮ?”

“ಗೋಣಿಚೀಲ ಐತಲ್ಲ. ಕೆಟ್ಟ ಕೆಲ್ಸಕ್ಕೆ ಅಷ್ಟು ಸಾಕು.”

ನಮ್ಮ ಕೊಲೆಗಾರ ಗೋಣಿಚೀಲ ಹೊದ್ದ. ಬೆಲ್ಲದ ಪಾಕಕ್ಕೆ ಕುಂಕುಮ ಬೆರೆಸಿ ರಕ್ತ ಕಾಸುತ್ತಿದ್ದೆವು. ಅದನ್ನು ಕೈಯಾಡಿಸಿ ಹದ ನೋಡುತ್ತಿದ್ದವಳೂ ದೊಡ್ಡಮ್ಮನೇ. ಮೊದಲು ಸಾಯುವ ಪಾತ್ರ ಹೊಳಲ್ಕೆರೆಯ ಹುಡುಗನದು. ಮೈತುಂಬ ಪಾಕ ಮೆತ್ತಿಕೊಂಡು, ನೊಣ ಓಡಿಸುತ್ತ, ಅವನು ಅವಳ ಮುಂದೆ ಕೂತು ಮುದ್ದೆ ಉಂಡ. ಅವಳು ಅವನನ್ನು ನೋಡಿ ನೋಡಿ ನಕ್ಕಳು. ಆಟ ಸುಳ್ಳೆಂದು ಅವಳಿಗೆ ನಮ್ಮಷ್ಟೇ ಚೆನ್ನಾಗಿ ಗೊತ್ತಿತ್ತು.

ದುರ್ಗದ ಹಳೆಯ ಚಿತ್ರಮಂದಿರವೊಂದರ ಮಾಲೀಕರು ಒಂದು ಬೆಳಗಿನ ಆಟಕ್ಕೆ ಅವಕಾಶ ಕೊಟ್ಟರು. ಜನ ಮೆಚ್ಚಿದರೆ ವಾರ ಓಡಿಸೋಣ, ಇಲ್ಲವಾದರೆ ಅಂದೇ ಮುಗಿಯಿತು ಎಂದರು. ಹುಡುಗರು ಸೀಟಿ ಹೊಡೆಯುತ್ತ ಬಂದು ತುಂಬಿದರು. ಹೊಳಲ್ಕೆರೆಯ ಹುಡುಗನ ತಾಯಿ ಮಗನನ್ನು ನೋಡಲು ಬಂದಿದ್ದರು. ದೊಡ್ಡಮ್ಮ ನಮ್ಮ ಕೇರಿಯ ನಾಲ್ಕು ಹೆಂಗಸರನ್ನು ಆಟೋದಲ್ಲಿ ತುಂಬಿಸಿಕೊಂಡು ಬಂದು ನಡುವಿನ ಸಾಲಿನಲ್ಲಿ ಕುಳಿತಳು.

ಮೊದಲ ಕೊಲೆ ಬಂತು. ಹುಡುಗ ಓಡುತ್ತಾನೆ, ಒಂದು ಕಾಲಿನ ಚಪ್ಪಲಿ ಕಳಚಿ ಬೀಳುತ್ತದೆ, ಎಡವುತ್ತಾನೆ, “ಅಮ್ಮಾ” ಎನ್ನುತ್ತಾನೆ, ಮಚ್ಚು ಬೀಸಿ ಬರುತ್ತದೆ. ಆದರೆ ಮಚ್ಚು ತಾಗುವ ಮೊದಲೇ ರಕ್ತ ಚಿಮ್ಮಿತು. ಲ್ಯಾಪ್‌ಟಾಪಿನ ಪುಟ್ಟ ಪರದೆಯಲ್ಲಿ ಕಾಣದಿದ್ದದ್ದು ಅಲ್ಲಿ ಆನೆಯಷ್ಟು ದೊಡ್ಡದಾಗಿ ಕಂಡಿತು. ಚಿತ್ರಮಂದಿರ ನಗೆಯಲ್ಲಿ ಒಡೆದುಹೋಯಿತು. “ಏಟು ಬೀಳಾಕ್ ಮುಂಚೆನೇ ಸತ್ತನಲ್ಲಲೇ!” ಎಂದು ಯಾವನೋ ಕೂಗಿದ. ನನ್ನ ಪಕ್ಕದಲ್ಲಿ ನಿರ್ದೇಶಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಆಗ ಆ ನಗೆಯ ಅಡಿಯಿಂದ ಒಂದು ದನಿ ಎದ್ದಿತು.

“ಯಾವ ತಾಯಿ ಹಡೆದ ಮಗನೋ, ನನ ಕಂದ,
ಉಂಬೋ ಎಡೆ ಬಿಟ್ಟು ಅಡವೀಗೆ ಯಾಕೆ ಬಂದ್ಯೋ…
ಕಾಲಾಗೆ ಒಂದೇ ಮೆಟ್ಟು, ಕಲ್ಲಾಗೆ ಓಡಿದ್ಯಲ್ಲೋ,
ಅವ್ವಾ ಅಂದ ಕೂಗು ಯಾರಿಗೂ ಕೇಳ್ಲಿಲ್ಲಲ್ಲೋ, ನನ ಕಂದ…”

“ಯಾರವ್ವ ಅದು, ಸುಮ್ಕಿರು” ಎಂದ ಮುಂದಿನ ಸಾಲಿನವನೊಬ್ಬ. ಇನ್ನಷ್ಟು ನಗೆ. ದೊಡ್ಡಮ್ಮ ನಿಲ್ಲಿಸಲಿಲ್ಲ. ದನಿ ಏರಿಸಲೂ ಇಲ್ಲ. ಪರದೆಯ ಬೆಳಕು ಅವಳ ಒದ್ದೆ ಕೆನ್ನೆಯ ಮೇಲೆ ಬೀಳುತ್ತಿತ್ತು. ನಗೆ ಒಂದೊಂದು ಸಾಲಿನಿಂದ ಹಿಂದೆ ಸರಿಯುತ್ತ ಹೋಗಿ ಎಲ್ಲೋ ಬಾಗಿಲ ಬಳಿ ನಿಂತುಹೋಯಿತು.

ನಾವು ಮಾಡಿದ ಚಿತ್ರ ಅಲ್ಲಿಂದ ಮುಂದೆ ನಮ್ಮ ಕೈಯಲ್ಲಿರಲಿಲ್ಲ. ಎರಡನೆಯ ಹುಡುಗ ಪೊದೆಯೊಳಗೆ ಅಡಗಿದಾಗ ಯಾರೂ ಸೀಟಿ ಹೊಡೆಯಲಿಲ್ಲ. “ಅಲ್ಲಿಂದ ಏಳಲೇ, ಓಡು!” ಎಂದು ಗಂಡಸೊಬ್ಬ ನಿಜವಾದ ಗಾಬರಿಯಲ್ಲಿ ಕೂಗಿದ. ಆ ಹುಡುಗ ಸತ್ತಾಗ ದೊಡ್ಡಮ್ಮನ ಜೊತೆ ಕೇರಿಯ ಹೆಂಗಸರೂ ಸೇರಿದರು. ಆಮೇಲೆ ನಮಗೆ ಗುರುತೇ ಇಲ್ಲದ ಹೆಂಗಸೊಬ್ಬರು ಹಿಂದಿನಿಂದ ಪಲ್ಲವಿ ಹಿಡಿದರು. ಕೊನೆಯ ಹುಡುಗಿ ಪೊದೆಗಳನ್ನು ಸೀಳಿಕೊಂಡು ಡಾಂಬರು ರಸ್ತೆಗೆ ಕಾಲಿಟ್ಟಾಗ ಇಡೀ ಚಿತ್ರಮಂದಿರ ಎದ್ದು ನಿಂತಿತ್ತು. ಚಪ್ಪಾಳೆಯಿಲ್ಲ. ಸಾವಿನ ಮನೆಯಿಂದ ಎದ್ದವರಂತೆ ಸುಮ್ಮನೆ ನಿಂತಿದ್ದರು.

ಹೊರಗೆ ಹೊಳಲ್ಕೆರೆಯ ಹುಡುಗನ ತಾಯಿ ಬಂದು ದೊಡ್ಡಮ್ಮನ ಎರಡೂ ಕೈ ಹಿಡಿದುಕೊಂಡರು.

“ನನ್ ಮಗ ಬಿದ್ದಾಗ ಎಲ್ರೂ ನಕ್ಕರು. ಸುಳ್ಳು ಅಂತ ಗೊತ್ತಿದ್ರೂ ಎದೆ ಹಿಂಡ್ತು. ನೀವೊಬ್ರು ಅತ್ರಿ.”

ದೊಡ್ಡಮ್ಮ ಪಕ್ಕದಲ್ಲಿದ್ದ ಆ ಹುಡುಗನನ್ನು ಎಳೆದುಕೊಂಡು, ಮುಖ ತಲೆ ಭುಜ ಎಲ್ಲ ಸವರಿ, ನೆಟಿಗೆ ಮುರಿದಳು. “ಕೇಡೆಲ್ಲ ಪರದೆ ಮ್ಯಾಗೇ ಹೋಯ್ತು. ನೂರು ವರ್ಷ ಬಾಳು” ಎಂದಳು. ಆ ಹುಡುಗ ಅಲ್ಲೇ ಬಿಕ್ಕಿ ಅತ್ತ.

ಮಾಲೀಕರು ಓಡಿ ಬಂದರು. ವಾರ ಪೂರ್ತಿ ಚಿತ್ರ ಓಡಿಸುವುದಾಗಿಯೂ, ಆದರೆ ಪ್ರತಿ ಆಟಕ್ಕೂ ಈ ಅಮ್ಮ ಬಂದು ಅಳಬೇಕೆಂದೂ ಹೇಳಿದರು. ನಿರ್ದೇಶಕ ಅವಳ ಕಾಲು ಹಿಡಿಯುವುದೊಂದು ಬಾಕಿ.

“ಆಗಾಕಿಲ್ಲ ಕಣಪ್ಪ” ಎಂದಳು. “ಒಂದು ಸಾವಿಗೆ ಒಂದು ಸಲ ಅಳಾದು. ದಿನಾ ಅತ್ರೆ ಅದು ಅಳು ಅಲ್ಲ, ಆಟ.”

ಅವಳು ಮತ್ತೆ ಹೋಗಲಿಲ್ಲ. ಮಾಲೀಕರು ಅವಳಿಲ್ಲದೆಯೇ ಓಡಿಸಿ ನೋಡಿದರು; ಚಿತ್ರ ಎರಡು ದಿನ ಓಡಿ ನಿಂತಿತು. ಆಮೇಲೆ ಬಂದವರು ಹೊಟ್ಟೆ ಹುಣ್ಣಾಗುವಂತೆ ನಕ್ಕು ಹೋದರಂತೆ. ಯೂಟ್ಯೂಬಿನಲ್ಲಿ ಹಾಕಿದ ಮೇಲೂ ಚಿಮ್ಮುವ ರಕ್ತದ ಆ ತುಣುಕೇ ಎಲ್ಲರ ಮೊಬೈಲಿನಲ್ಲಿ ನಗೆಚಾಟಿಕೆಯಾಗಿ ಓಡಾಡಿತು. ಅದೇ ಚಿತ್ರ, ಅದೇ ಮಚ್ಚು. ಆ ಬೆಳಿಗ್ಗೆ ಅಲ್ಲಿದ್ದವರಷ್ಟೇ ಬೇರೇನನ್ನೋ ನೋಡಿದ್ದರು.

ಒಂದು ಮಧ್ಯಾಹ್ನ ಅವಳು ಉಣ್ಣೆ ಹಿಂಜುತ್ತಿದ್ದಾಗ ಕೇಳಿಯೇಬಿಟ್ಟೆ: “ದೊಡ್ಡಮ್ಮ, ಆ ಪಾಕ ಕಲಸಿದ್ದು ನೀನೇ. ಮತ್ಯಾಕೆ ಅತ್ತೆ?”

ಅವಳು ತಲೆ ಎತ್ತಲಿಲ್ಲ.

“ರಕ್ತ ಸುಳ್ಳು ಕಣೋ. ಅವ್ನು ಓಡಿದ್ದು ಸುಳ್ಳಾ? ಅಮ್ಮಾ ಅಂದಿದ್ದು ಸುಳ್ಳಾ? ಬಿದ್ದ ಕೂಡ್ಲೆ ನೀವು ಅವ್ನನ್ನ ಅಲ್ಲೇ ಬಿಟ್ಟು ಮುಂದಕ್ಕೆ ಹೋಗಿಬಿಟ್ರಿ. ಒಬ್ರಾದ್ರೂ ಹತ್ರ ಕುಂತ್ಕಬೇಕಲ್ಲ.”

ಕಳೆದ ಚಳಿಗಾಲದಲ್ಲಿ ದೊಡ್ಡಮ್ಮ ತೀರಿಕೊಂಡಳು. ಎರಡು ದಿನದ ಜ್ವರ, ಅಷ್ಟೇ. ನಾನು ಹೊಸದುರ್ಗದಿಂದ ಬರುವಷ್ಟರಲ್ಲಿ ಅಂಗಳ ತುಂಬಿತ್ತು.

ಈಗ ಸಂಕಲನವೇ ನನ್ನ ಅನ್ನ. ಹೆಚ್ಚಾಗಿ ಇಂಥ ಅಗ್ಗದ ಕಾಡುಕೊಲೆಯ ಚಿತ್ರಗಳೇ ನನ್ನ ಪಾಲಿಗೆ ಬರುತ್ತವೆ. ಮೊದಲನೆಯವನು ಸತ್ತು ಬಿದ್ದ ಕೂಡಲೇ ಮುಂದಿನ ದೃಶ್ಯಕ್ಕೆ ಹಾರಬೇಕೆಂಬುದು ಈ ಕಸುಬಿನ ರೂಢಿ. ನನ್ನ ಕೈ ಹಾರುವುದಿಲ್ಲ. ಅವನ ಮುಖದ ಮೇಲೊಂದು ಇರುವೆ ಹರಿಯುವಷ್ಟು ಹೊತ್ತು, ಗಾಳಿಗೆ ಅವನ ಅಂಗಿಯ ತುದಿ ಅಲುಗುವಷ್ಟು ಹೊತ್ತು ಹಾಗೇ ಬಿಡುತ್ತೇನೆ. “ಯಾಕ್ರೀ ಇಷ್ಟು ಎಳೀತೀರ, ಜನ ಎದ್ದು ಹೋಗ್ತಾರೆ” ಎಂದು ನಿರ್ಮಾಪಕರು ರೇಗುತ್ತಾರೆ.

“ಸ್ವಲ್ಪ ಕುಂತ್ಕಳ್ರಿ” ಎನ್ನುತ್ತೇನೆ.