ಮೇಳ ಎತ್ತಿಕೊಳ್ಳದ ಸಾಲು

ವೈನಿ, ಆ ಸಂಜೆ ನೀವು ತಪ್ಪಲಿಲ್ಲ. ತಪ್ಪಿಸಿದವಳು ನಾನು. ನನ್ನ ಗಂಟಲು ಕಟ್ಟಿರಲಿಲ್ಲ, ಸಾಲು ಮರೆತಿರಲಿಲ್ಲ — ಬೇಕೆಂದೇ ಬಾಯಿ ಮುಚ್ಚಿಕೊಂಡು ನಿಂತೆ. ಆಮೇಲೆ ತಪ್ಪು ನಿಮ್ಮದೇ ಎಂದು ನಿಮಗೇ ಹೇಳಿದೆ. ನೀವು ನಂಬಿದಿರಿ.

ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವಳು ನಾನು. ಹೀಗೆ ಹೇಳುವಾಗ ಈಗಲೂ ಎದೆ ಉಬ್ಬುತ್ತದೆ, ಸುಳ್ಳು ಯಾಕೆ ಹೇಳಲಿ. ಸದಲಗಾದಿಂದ ಚಿಕ್ಕೋಡಿಗೆ ತುಂಬಿದ ಬಸ್ಸಿನಲ್ಲಿ ನಿಂತೇ ಹೋಗಿ ಬಿ.ಎ. ಮುಗಿಸಿದೆ. ಅಪ್ಪ ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಕಬ್ಬು ಇಳಿಸಿ ಇಳಿಸಿ ಓದಿಸಿದರು. ಮನೆಗೆ ಯಾರೇ ಬರಲಿ, ಚಹಾಕ್ಕಿಂತ ಮೊದಲು ನನ್ನ ಸುದ್ದಿ ಬರುತ್ತಿತ್ತು: "ನಮ್ಮ ಸುನಂದಾ ಡಿಗ್ರಿ ಮುಗಿಸ್ಯಾಳ್ರಿ, ಹೈಸ್ಕೂಲಿನ್ಯಾಗ ಕಲಿಸ್ತಾಳ." ಅಪ್ಪ ಹೊಗಳುತ್ತಿದ್ದುದು ನನ್ನೊಬ್ಬಳನ್ನೇ. ಅದು ನನಗೆ ರೂಢಿಯಾಗಿಬಿಟ್ಟಿತ್ತು.

ನೀವು ಅಣ್ಣನ ಕೈಹಿಡಿದು ಬಂದಾಗ ರಾಯಬಾಗ ಕಡೆಯ ತವರಿನಿಂದ ಒಂದು ಇಡೀ ಆಟವನ್ನೇ ಗಂಟಲಲ್ಲಿಟ್ಟುಕೊಂಡು ಬಂದಿದ್ದಿರಿ — ಚಂದ್ರಮತಿಯ ಸಣ್ಣಾಟ. ಮಾತು ಕಡಿಮೆ, ಮೊದಲಿನಿಂದ ಕೊನೆಯವರೆಗೂ ಹಾಡೇ. ನಿಮ್ಮಜ್ಜನ ಮೇಳ ಮುರಿದ ಮೇಲೆ ಅದನ್ನು ಯಾರೂ ಆಡಿರಲಿಲ್ಲ. ನಮ್ಮ ಭಜನಾ ಮಂಡಳಿಯ ಹೆಣ್ಣುಮಕ್ಕಳೇ ಆಡೋಣವೆಂದು ಹುರುಪು ಹುಟ್ಟಿಸಿದವಳು ನಾನು. ಹಿಮ್ಮೇಳಕ್ಕೆ ಮುಂದಾಳೂ ನಾನೇ. ತಾಲೀಮಿನಲ್ಲಿ ನನ್ನ ದನಿ ಕೇಳಿ ಮಂಡಳಿಯ ಗಂಗವ್ವ ಮಾವಶಿ, "ಟೀಚರಬಾಯಿ, ಹಾಜರಿ ಕೂಗಿದಂಗ ಹಾಡಬ್ಯಾಡ್ರಿ" ಅಂದಾಗ ಎಲ್ಲರೂ ನಕ್ಕರು, ನಾನೂ ನಕ್ಕೆ.

ಚಂದ್ರಮತಿಯ ಪಾತ್ರ ನಿಮಗೆ ಕೊಡಲು ಮಂಡಳಿಯವರು ಹಿಂದೆಮುಂದೆ ನೋಡಿದರು. ಹಾವು ಕಚ್ಚಿ ಸತ್ತ ಮಗನ ಮುಂದೆ ಕೂತು ಹಾಡುವ ತಾಯಿ ಅವಳು; ನಿಮ್ಮ ಮಗ ಜ್ವರ ಬಂದು ತೀರಿಹೋಗಿ ಇನ್ನೂ ಬಹಳ ದಿನವಾಗಿರಲಿಲ್ಲ. ನೀವು ಮೆಲ್ಲಗೆ ಅಂದಿರಿ: "ಅಳಾಕ ಮನಿ ಐತಿ. ಆಟದಾಗ ನಾ ಹಾಡಾಕ ನಿಲ್ತೀನಿ. ಎಲ್ಲಿ ಹೋದ್ರೂ ಮಂದಿ ಪಾಪ ಅಂತಾರ. ಒಂದ್ ಸಲ ನನ್ನ ಹಾಡು ಕೇಳ್ಲಿ."

ನಿಮಗೆ ಬೇಕಾಗಿದ್ದದ್ದು ಅಷ್ಟೇ.

ಆ ಆಟಕ್ಕೊಂದು ಕಟ್ಟಳೆಯಿದೆ. ಮಗ ಸತ್ತ ಎಂಬ ಮಾತು ತಾಯಿಯ ಬಾಯಲ್ಲಿ ಬರಬಾರದು. ಚಂದ್ರಮತಿ "ನನ್ನ ಮಗ" ಎಂದು ದನಿ ಮೇಲಕ್ಕೇರಿಸಿ ಅಲ್ಲೇ ಬಿಡುತ್ತಾಳೆ. "ಸತ್ತಾನ" ಎಂಬುದನ್ನು ಹಿಮ್ಮೇಳ ಎತ್ತಿಕೊಳ್ಳಬೇಕು. ಮುಂದಾಳು ಬಾಯಿ ತೆರೆಯುವ ತನಕ ಉಳಿದವರು ತೆರೆಯುವಂತಿಲ್ಲ.

ಆ ಸಂಜೆ ನೀವು ಹಾಡಿದಿರಿ. ಹೇಗೆ ಹಾಡಿದಿರೆಂದು ಬರೆಯಲು ನನಗೆ ಬರುವುದಿಲ್ಲ. ಮಕ್ಕಳ ಗಲಾಟೆ ಕೂಡ ನಿಂತಿತು. ನಾನು ಅಪ್ಪನತ್ತ ನೋಡಿದೆ — ನೋಡಬಾರದಿತ್ತು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ತಲೆದೂಗುತ್ತಿದ್ದರು. ನಾನು ಪಾಸಾದ ದಿನವೂ ಆ ಮುಖ ಹಾಗೆ ಅರಳಿರಲಿಲ್ಲ. ಅಷ್ಟರಲ್ಲಿ ನೀವು "ನನ್ನ ಮಗ" ಎಂದು ಮೇಲೇರಿ ಬಿಟ್ಟಿರಿ. ನಾನು —

ಎತ್ತಿಕೊಳ್ಳಲಿಲ್ಲ.

ನೀವು ಕಾದಿರಿ. ಮತ್ತೊಮ್ಮೆ ಏರಿದಿರಿ. ನನ್ನ ಕಡೆಗೆ ತಿರುಗಿ ನೋಡಿದಿರಿ. ಹಿಂದಿದ್ದವರು ನನ್ನ ಬೆನ್ನು ತಿವಿದರು. ಸಾಲು ಹಾಗೆ ನಡುವೆ ನಿಲ್ಲುವಂತಿರಲಿಲ್ಲ. ಕೊನೆಗೆ ಆ ಮಾತನ್ನು ನೀವೇ ಹೇಳಿದಿರಿ. ಅರ್ಧಕ್ಕೆ ದನಿ ಒಡೆಯಿತು. ಅಲ್ಲೇ ಕುಸಿದಿರಿ. ಸಭೆಯ ತುಂಬ ಒಂದೇ ಉಸಿರಿನಲ್ಲಿ, ಪಾಪ.

ಅಳುವನ್ನು ನೀವು ಮನೆಯಲ್ಲಿ ಬಿಟ್ಟು ಬಂದಿದ್ದಿರಿ, ವೈನಿ. ಹೋಗಿ ತಂದು ನಿಮ್ಮ ಬಾಯಿಗೆ ಹಾಕಿದವಳು ನಾನು.

ಪರದೆಯ ಹಿಂದೆ ನೀವು ಸಿಟ್ಟಾಗಲಿಲ್ಲ. ನನಗೇ ಏನೋ ಆಗಿದೆ ಎಂದು ಗಾಬರಿಯಾಗಿದ್ದಿರಿ.

"ಸುನಂದಾ, ಯಾಕವ್ವಾ, ದನಿ ಹೊಂಡಲಿಲ್ಲೇನ?"

"ನೀವ ಸಾಲು ಸರೀ ಬಿಡಲಿಲ್ಲರಿ ವೈನಿ. ನಾ ಹೆಂಗ ಎತ್ತಿಕೊಳ್ಳಲಿ?"

"ಹೌದೇನ... ಹಂಗಾದ್ರ ನಂದ ತಪ್ಪು."

ಮರುದಿನ ಅಪ್ಪ ನಿಮ್ಮ ಹತ್ತಿರ ಕೂತು, ಇನ್ನು ಅದನ್ನು ಹಾಡಬೇಡ ಮಗಳೇ, ಜೀವಕ್ಕೆ ತ್ರಾಸು ಮಾಡಿಕೊಳ್ಳಬೇಡ ಎಂದರು. ಕರುಣೆಯಿಂದಲೇ ಹೇಳಿದರು. ನಾನು ಬಾಗಿಲಲ್ಲೇ ನಿಂತಿದ್ದೆ. ಒಂದು ಮಾತು ಆಡಿದ್ದರೆ ಸಾಕಿತ್ತು — ಆಡಲಿಲ್ಲ. ನೀವು ಹೂಂ ಅಂದಿರಿ. ಅಂದಿನಿಂದ ಭಜನೆಯಲ್ಲಿ ತಾಳ ಹಾಕುತ್ತೀರಿ, ಬಾಯಿ ತೆರೆಯುವುದಿಲ್ಲ. ಆ ಆಟ ಇನ್ಯಾರಿಗೂ ಬರುವುದಿಲ್ಲ.

ಹರೆಯದ ಹುಡುಗಿಯಾಗಿದ್ದೆ ಎನ್ನುವ ಹಾಗಿಲ್ಲ. ಮಕ್ಕಳಿಗೆ ಬುದ್ಧಿ ಹೇಳುವ ಕೆಲಸದಲ್ಲಿದ್ದವಳು.

ಬರುವ ಸೋಮವಾರ ಭಜನೆಗೆ ಎಲ್ಲರೂ ಕೂಡಿದಾಗ ಇದನ್ನು ಎದ್ದು ನಿಂತು ಓದುತ್ತೇನೆ. ಅಪ್ಪನಿಗೆ ಈಗ ಕಿವಿ ಮಂದ. ಹತ್ತಿರ ಕೂಡಿಸಿಕೊಂಡು ಗಟ್ಟಿಯಾಗಿ ಓದುತ್ತೇನೆ. ನೀವು ಮತ್ತೆ ಹಾಡಬೇಕೆಂದು ಕೇಳುವುದಿಲ್ಲ, ಆ ಬಾಯಿ ನನಗಿಲ್ಲ. ಅಪ್ಪ ಇನ್ನು ಬಂದವರೆದುರು ನನ್ನ ಸುದ್ದಿ ತೆಗೆಯಲಿಕ್ಕಿಲ್ಲ. ತೆಗೆಯುವುದು ಬೇಡ.