ಮೂರನೇ ಬಳಿಯ ಹೆರಿಯಣ್ಣ
ಹೆಮ್ಮಾಡಿಯ ಹೆರಿಯಣ್ಣ ಮೊಗವೀರರು ಬಂಗುಡೆ ಮೀನು ಎಣಿಸಿಕೊಡುವ ಮೊದಲು ಗಿರಾಕಿಯ ಹೊಟ್ಟೆ ವಿಚಾರಿಸುತ್ತಾರೆ. ಹೊಟ್ಟೆನೋವೆಂದು ಬಂದವರ ಮಲವನ್ನೆಲ್ಲ ಪರೀಕ್ಷೆಗೆ ಕಳಿಸುತ್ತಿದ್ದ ಡಾಕ್ಟರರೊಬ್ಬರು, ಕರುಳಿನಲ್ಲಿ ಕಣ್ಣಿಗೆ ಕಾಣದ ಪರಾವಲಂಬಿ ಜೀವಿಯೊಂದಿದೆ, ಎಷ್ಟೋ ರೋಗಿಗಳಲ್ಲಿ ಇರುತ್ತದೆ, ಅದರಲ್ಲೂ ಹಲವು ಬಗೆ, ನಿಮ್ಮದು ಮೂರನೆಯದು ಎಂದದ್ದೇ ತಡ, ಹೆರಿಯಣ್ಣ ಅದನ್ನು ಬಳಿ ಮಾಡಿಕೊಂಡರು; ಸಂಬಂಧ ನೋಡುವಾಗ ಗೋತ್ರದ ಹಾಗೆ ಕೇಳುತ್ತಾರಲ್ಲ, ಒಂದೇ ಆದರೆ ಮದುವೆ ಕೂಡದು ಎನ್ನುವ ಆ ಕುಲದ ಬಳಿ. “ಹ್ವಾಯ್, ನಿಮ್ ಹೊಟ್ಟಿದ್ದ್ ಯಾವ್ ಬಳಿ? ನಮ್ದ್ ಮೂರ್ನೇದ್!” ಒಂದನೆಯವರು ಸಿಕ್ಕರೆ ಬೀಗರ ಉಪಚಾರ, ಮೂರನೆಯವರಿಗೆ ದಾಯಾದಿಗಳೆಂದು ಒಂದು ಬಂಗುಡೆ ಜಾಸ್ತಿ. ಪರೀಕ್ಷೆಯಲ್ಲಿ ಏನೂ ಸಿಗದವರನ್ನು ಕಂಡರೆ, ಹಿಂದುಮುಂದಿಲ್ಲದವರೆಂದು ಮರುಗುತ್ತಾರೆ. ಹೆಂಡತಿ ಬಾಗಿಯದೂ ಮೂರನೆಯದೇ ಎಂದು ತಿಳಿದ ದಿನ ಮಾತ್ರ ತಲೆಮೇಲೆ ಕೈಹೊತ್ತು ಕೂತಿದ್ದರು. “ಒಂದೇ ಬಳಿಯರ್ ಮದಿ ಆಪುಕಾತ್ತಾ? ಎಂತ ಮಾಡುದ್ ಈಗ?” ಬಾಗಿ ಗಂಜಿ ಬಡಿಸುತ್ತಲೇ, “ಇಷ್ಟ್ ವರ್ಷ ಒಂದೇ ಬಾಮಿ ನೀರ್ ಕುಡ್ದ್, ಒಂದೇ ಬಟ್ಲಗೆ ಉಂಡ್ರೆ ಮತ್ತೆಂತ ಆತ್ತ್?” ಎಂದು ನಕ್ಕಿದ್ದಳು. ಮಕ್ಕಳಿಲ್ಲದ ಆ ಮನೆಯಲ್ಲಿ ಬಾಗಿಯೂ ತೀರಿಕೊಂಡು ಎರಡು ಮಳೆಗಾಲ ಕಳೆಯಿತು. ಆ ಜೀವಿ ಸಾಯಲೆಂದು ಡಾಕ್ಟರರು ಕೊಟ್ಟ ಮಾತ್ರೆ ದೇವರ ಪಟದ ಹಿಂದೆ ಬಿಚ್ಚದೆ ಬಿದ್ದಿದೆ. ನೋವು ಬಂದರೆ ಹೆರಿಯಣ್ಣ ಜೀರಿಗೆ ಕಷಾಯ ಕುಡಿದು, ಹೊಟ್ಟೆ ಹಿಡಿದುಕೊಂಡು ಕೂರುತ್ತಾರೆ. ಮಾತ್ರೆ ನುಂಗಬಾರದೇ ಎಂದರೆ ಸಿಟ್ಟು ಬರುತ್ತದೆ. “ಕೊಲ್ಲುದಾ? ನಮ್ಮಿಬ್ರದ್ದ್ ಅಂದೇಳಿ ಉಳ್ದದ್ದ್ ಅದೊಂದೇ, ಮರಾಯ್ರೆ!”